ಮೂರು ಟೆಸ್ಟ್ ಮೂರು ಕೆಲಸ ಹೇಳಿದರೆ ಯಾವುದನ್ನು ನಂಬಲಿ?

ಪ್ರಶ್ನೆ: ನನಗೆ ಒಪ್ಪುವ ಕೆಲಸ ಯಾವುದು ಅಂತ ತಿಳಿಯೋಕೆ ಆನ್‌ಲೈನ್‌ನಲ್ಲಿ ಮೂರು ಟೆಸ್ಟ್ ಮಾಡಿದೆ. ಒಂದು ಶಿಕ್ಷಕಿ ಅಂದಿತು, ಇನ್ನೊಂದು ಡಿಸೈನರ್, ಮತ್ತೊಂದು ಮ್ಯಾನೇಜರ್. ಈಗ ಮೊದಲಿಗಿಂತ ಜಾಸ್ತಿ ಗೊಂದಲ. ಏನು ಮಾಡಲಿ?

ಉತ್ತರ: ಗಾಬರಿ ಬೇಡ. ಈ ಮೂರೂ ಉತ್ತರ ಸರಿ ಇರಬಹುದು.

ಇಂಥ ಹಲವು ಟೆಸ್ಟ್‌ಗಳ ಬುಡದಲ್ಲಿರುವುದು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ 1959ರಲ್ಲಿ ಮುಂದಿಟ್ಟ ವಿಚಾರ. ಜನರ ಒಲವಿನಲ್ಲಿ ಅವರು ಆರು ಬಗೆ ಗುರುತಿಸಿದರು: ಕೈಕೆಲಸ, ಹುಡುಕಿ ತಿಳಿಯುವುದು, ಕಲೆ, ಜನರಿಗೆ ನೆರವಾಗುವುದು, ಮುಂದೆ ನಿಂತು ನಡೆಸುವುದು, ಲೆಕ್ಕಪತ್ರವನ್ನು ಅಚ್ಚುಕಟ್ಟಾಗಿ ಇಡುವುದು. ಯಾರೂ ಒಂದೇ ಬಗೆಯವರಲ್ಲ. ಹಾಗಾಗಿ ಸಾಮಾನ್ಯವಾಗಿ ಹೆಚ್ಚು ಅಂಕ ಬಂದ ಮೂರನ್ನು ಸೇರಿಸಿ ನೋಡುತ್ತಾರೆ. ಶಿಕ್ಷಕಿ ಅಂದರೆ ನೆರವು, ಡಿಸೈನರ್ ಅಂದರೆ ಕಲೆ, ಮ್ಯಾನೇಜರ್ ಅಂದರೆ ಮುಂದಾಳತ್ವ. ಮೂರೂ ನಿಮ್ಮೊಳಗೇ ಇರಬಹುದು, ಅಲ್ವಾ?

ಆದರೆ ಟೆಸ್ಟ್ ಕೇಳುವುದು ನಿಮಗೇನು ಇಷ್ಟ ಅಂತ. ಅದು ನಿಮಗೆ ಬರುತ್ತದೋ ಇಲ್ಲವೋ, ದಿನವಿಡೀ ಮಾಡಿದರೆ ಸಾಕಾಗುತ್ತದೋ, ಅದಕ್ಕೆ ತಿಳಿಯದು. ನನ್ನ ಗೆಳತಿಯೊಬ್ಬಳಿಗೆ ಪಾಠ ಹೇಳುವುದೆಂದರೆ ಪ್ರಾಣ. ಶಾಲೆ ಸೇರಿ ವರ್ಷ ತುಂಬುವಷ್ಟರಲ್ಲಿ ಸೋತುಹೋದಳು. ಕೂತು ಯೋಚಿಸಿದಾಗ ತಿಳಿದದ್ದು ಇಷ್ಟು: ಒಬ್ಬರ ಪಕ್ಕದಲ್ಲಿ ಕೂತು, ಅವರಿಗೆ ಅರ್ಥವಾಗುವ ತನಕ ಬಿಡಿಸಿ ಹೇಳುವುದು ಅವಳಿಗೆ ಇಷ್ಟ. ನಲವತ್ತು ಮಕ್ಕಳನ್ನು ಸುಮ್ಮನಿರಿಸುವುದು, ಕಟ್ಟುಗಟ್ಟಲೆ ಉತ್ತರಪತ್ರಿಕೆ ತಿದ್ದುವುದು ಅಲ್ಲ. ಈಗ ಹೊಸಬರಿಗೆ ಒಬ್ಬೊಬ್ಬರಾಗಿ ಕೆಲಸ ಕಲಿಸುತ್ತಾಳೆ, ಖುಷಿಯಾಗಿದ್ದಾಳೆ.

ಅದಕ್ಕೇ ನಾನು ಟೆಸ್ಟ್‌ಗಿಂತ ಒಂದು ನೋಟ್‌ಬುಕ್ಕನ್ನು ಹೆಚ್ಚು ನಂಬುತ್ತೇನೆ. ಎರಡು ವಾರ, ಮಲಗುವ ಮುಂಚೆ ಎರಡೇ ಸಾಲು ಬರೆಯಿರಿ. ಇವತ್ತು ಯಾವ ಕೆಲಸದಲ್ಲಿ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ? ಯಾವುದನ್ನು ನಾಳೆಗೆ ತಳ್ಳಿದಿರಿ? ‘ಮೀಟಿಂಗ್’ ಅಂತ ಬರೆದರೆ ಸಾಲದು. ಮೀಟಿಂಗ್‌ನಲ್ಲಿ ಮಾತಾಡಿದ್ದು ಹಿಡಿಸಿತೋ, ಆಮೇಲೆ ವರದಿ ಬರೆದದ್ದು ಹಿಡಿಸಿತೋ, ಬಿಡಿಸಿ ಬರೆಯಿರಿ. ನಿಮ್ಮನ್ನು ಚೆನ್ನಾಗಿ ಬಲ್ಲ ಇಬ್ಬರನ್ನು ಕೇಳಿ: ‘ಯಾವ ವಿಷಯಕ್ಕೆ ನನ್ನ ನೆನಪಾಗುತ್ತೆ?’ ನಮಗೆ ಸಲೀಸಾಗಿ ಬರುವುದನ್ನು ನಾವು ಲೆಕ್ಕಕ್ಕೇ ಇಟ್ಟಿರುವುದಿಲ್ಲ.

ಇದೆಲ್ಲ ಅರ್ಧ ಕೆಲಸ. 1908ರಲ್ಲಿ ಬಾಸ್ಟನ್‌ನಲ್ಲಿ ವೃತ್ತಿ ಸಲಹಾ ಕೇಂದ್ರ ತೆರೆದ ಫ್ರಾಂಕ್ ಪಾರ್ಸನ್ಸ್ ಆಗಲೇ ಮೂರು ಹೆಜ್ಜೆ ಹೇಳಿದ್ದರು: ನಿಮ್ಮನ್ನು ತಿಳಿಯಿರಿ, ಕೆಲಸವನ್ನು ತಿಳಿಯಿರಿ, ಎರಡನ್ನೂ ಹೊಂದಿಸಿ ನೋಡಿ. ಎರಡನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಆ ಕೆಲಸದಲ್ಲಿ ಈಗಾಗಲೇ ಇರುವವರನ್ನು ಹುಡುಕಿ. ‘ಕೆಲಸ ಹೇಗಿದೆ?’ ಅಂತ ಕೇಳಿದರೆ ‘ಚೆನ್ನಾಗಿದೆ’ ಅಂದುಬಿಡುತ್ತಾರೆ. ‘ಕಳೆದ ಮಂಗಳವಾರ ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ಮಾಡಿದಿರಿ?’ ಅಂತ ಕೇಳಿ. ಅವರು ಹೇಳುತ್ತಿರುವಾಗ ನಿಮ್ಮ ನೋಟ್‌ಬುಕ್ ಪಕ್ಕದಲ್ಲಿರಲಿ.