ರಾಫೆಲ್ ಮೀನನ್ನು ಬಲೆಯಲ್ಲಿ ಹಿಡಿಯಬೇಡಿ

ಅಕ್ವೇರಿಯಂ ಮೀನುಗಳ ಚಿಕಿತ್ಸೆಯನ್ನೇ ವೃತ್ತಿಯಾಗಿ ಮಾಡುವ ನನ್ನ ಬಳಿಗೆ ಸ್ಟ್ರೈಪ್ಡ್ ರಾಫೆಲ್ ಕ್ಯಾಟ್‌ಫಿಶ್ ಎಂಬ ಪಟ್ಟೆಯ ಮೀನು ಕಾಯಿಲೆಯಿಂದ ಬರುವುದು ಕಡಿಮೆ, ಬಲೆಯ ಸಮೇತ ಬರುವುದೇ ಹೆಚ್ಚು. ತೊಟ್ಟಿ ತೊಳೆಯಲೆಂದು ಬಲೆ ಹಾಕಿ ಎತ್ತಿರುತ್ತಾರೆ, ಸಿಕ್ಕಿಕೊಂಡ ಮೀನನ್ನು ಬಿಡಿಸಲು ಎಳೆದಿರುತ್ತಾರೆ, ಬಿಡದಿದ್ದಾಗ ಇನ್ನೂ ಜೋರಾಗಿ ಎಳೆದಿರುತ್ತಾರೆ. ಈ ಮೀನಿಗೆ ಬಲೆ ಕೂಡದು ಎಂದರೆ, ‘ಹಾಗಾದರೆ ಮೆತ್ತಗಿನ ಬಲೆ ತರುತ್ತೇನೆ’ ಎನ್ನುತ್ತಾರೆ. ತೊಂದರೆ ಇರುವುದು ಬಲೆಯ ಮೆದುತನದಲ್ಲಲ್ಲ, ಮೀನಿನ ಮೈಕಟ್ಟಿನಲ್ಲಿ.

ನೀವು ಮೆಚ್ಚಿ ಕೊಂಡ ಆ ಕೆನೆಬಿಳಿ ಪಟ್ಟೆಯನ್ನೇ ಹತ್ತಿರದಿಂದ ನೋಡಿ. ಕಣ್ಣಿನ ಮೇಲಿಂದ ಬಾಲದವರೆಗೆ ಅದು ಸಾಗುವ ಜಾಗದಲ್ಲೇ ಮೂಳೆಫಲಕಗಳ ಸಾಲೊಂದಿದ್ದು, ಒಂದೊಂದು ಫಲಕದ ಮೇಲೂ ಹಿಂದಕ್ಕೆ ಬಾಗಿದ ಮುಳ್ಳಿದೆ. ಎದೆಯ ಈಜುರೆಕ್ಕೆಗಳ ಮುಂಭಾಗದ ದಪ್ಪ ಮುಳ್ಳುಗಳಿಗೆ ಎರಡೂ ಅಂಚಿನಲ್ಲಿ ಸಣ್ಣ ಹಲ್ಲುಗಳಿವೆ. ಬೆನ್ನಿನ ಮೇಲೂ ಒಂದು ಗಟ್ಟಿ ಮುಳ್ಳಿದೆ. ಹೆದರಿದ ಮೀನು ಎದೆಯ ಮತ್ತು ಬೆನ್ನಿನ ಮುಳ್ಳುಗಳನ್ನು ಅಗಲಿಸಿ ಬುಡದಲ್ಲಿ ಬಿಗಿದುಕೊಳ್ಳುತ್ತದೆ. ಆ ಬಿಗಿತವನ್ನು ಅದು ತಾನಾಗಿ ಸಡಿಲಿಸಬೇಕೇ ಹೊರತು ನಾವು ಒತ್ತಿ ಮಡಿಸಲಾಗದು, ಮಡಿಸಹೋದರೆ ಮುಳ್ಳು ಮುರಿಯಬಹುದು. ಬಲೆಯ ನೂಲು ಹಲ್ಲುಗಳ ನಡುವೆ ಹೊಕ್ಕ ಮೇಲೆ ಎಳೆದಷ್ಟೂ ಒಳಗಿಳಿಯುತ್ತದೆ, ನೋವಾದಷ್ಟೂ ಮೀನು ಇನ್ನಷ್ಟು ಬಿಗಿಯುತ್ತದೆ. ಜಾಲಿಮುಳ್ಳಿಗೆ ಸಿಕ್ಕ ಸೀರೆಯನ್ನು ನಾವು ಯಾರೂ ಜಗ್ಗುವುದಿಲ್ಲ. ಇಲ್ಲಿ ಮಾತ್ರ ಏಕೆ ಜಗ್ಗುತ್ತೇವೋ ತಿಳಿಯದು.

ಈ ರಕ್ಷಣೆ ಅದಕ್ಕೆ ಬೇಕಾದದ್ದೇ. ಅಮೆಜಾನ್, ಒರಿನೋಕೊ ನದಿಗಳ ತಳದಲ್ಲಿ, ಹಗಲೆಲ್ಲ ಮುಳುಗಿದ ಮರದ ಪೊಟರೆಗಳಲ್ಲಿ ಅಡಗಿದ್ದು ರಾತ್ರಿ ಮೇಯುವ ಮೀನಿದು. ಪೊಟರೆಯಲ್ಲಿ ಮುಳ್ಳು ಅಗಲಿಸಿ ಕುಳಿತರೆ ಅದನ್ನು ಹೊರಗೆಳೆಯುವುದು ಬೇಟೆಯಾಡುವ ಮೀನಿಗೂ ಸುಲಭವಲ್ಲ. ಹಳೆಯ ಪುಸ್ತಕಗಳಲ್ಲಿ ಇದರ ವೈಜ್ಞಾನಿಕ ಹೆಸರನ್ನು ಪ್ಲಾಟಿಡೋರಾಸ್ ಕೋಸ್ಟಾಟಸ್ ಎಂದು ಬರೆದಿರುತ್ತದೆ. ಆದರೆ ಅಂಗಡಿಗಳಿಗೆ ಬರುವುದು ಸಾಮಾನ್ಯವಾಗಿ ಪ್ಲಾಟಿಡೋರಾಸ್ ಆರ್ಮಾಟುಲಸ್ ಎಂಬ ಬೇರೆ ಜಾತಿ. ಬ್ರೆಜಿಲ್‌ನ ತೊರೆಯೊಂದರಲ್ಲಿ ಇದರ ಮರಿಗಳು ಮೀನು ತಿನ್ನುವ ಟ್ರೈರಾ ಮೀನಿನ ಮೈಯನ್ನೇ ಶುಚಿಮಾಡುತ್ತಿದ್ದುದನ್ನು ಸಂಶೋಧಕರು ದಾಖಲಿಸಿದ್ದಾರೆ. ಆ ಧೈರ್ಯಕ್ಕೆ ಮುಳ್ಳುಗಳ ಆಸರೆಯೂ ಇದ್ದೀತು.

ಕೈಯಲ್ಲಿ ಹಿಡಿಯುವುದೂ ಬೇಡ. ಎದೆಯ ಮುಳ್ಳಿಗೂ ಮೈಯ ಫಲಕಗಳಿಗೂ ನಡುವೆ ಬೆರಳು ಸಿಕ್ಕಿದರೆ ಕೊಯ್ದಂತಾಗುತ್ತದೆ. ಅದಲ್ಲದೆ, ನೀರಿನಿಂದೆತ್ತಿದಾಗ ಅದು ಮಾಡುವ ಕರಕರ ಶಬ್ದಕ್ಕೆ ಬೆಚ್ಚಿ ನೆಲಕ್ಕೆ ಬೀಳಿಸಿದವರಿದ್ದಾರೆ. ಎದೆಯ ಮುಳ್ಳಿನ ಬುಡವನ್ನು ಅದರ ಕುಳಿಯಲ್ಲಿ ಉಜ್ಜಿ, ಜೊತೆಗೆ ಸ್ನಾಯುವಿನಿಂದ ಹೊಟ್ಟೆಯೊಳಗಿನ ಗಾಳಿಚೀಲವನ್ನು ಕಂಪಿಸಿ ಅದು ಸದ್ದು ಮಾಡುತ್ತದೆ. ಬಿಟ್ಟುಬಿಡಿ ಎನ್ನುವುದಕ್ಕೆ ಅದರ ಬಳಿ ಇರುವ ದಾರಿ ಅದೊಂದೇ.

ಹಿಡಿಯಲೇಬೇಕಾದರೆ ಪ್ಲಾಸ್ಟಿಕ್ ಡಬ್ಬವನ್ನು ನೀರಿನೊಳಗೇ ಅಡ್ಡ ಮಲಗಿಸಿ, ಮೀನನ್ನು ಅವಸರವಿಲ್ಲದೆ ಅದರೊಳಗೆ ಹೋಗಗೊಟ್ಟು, ನೀರಿನ ಸಮೇತ ಎತ್ತಿ. ಅದು ಅಡಗುವ ಪೈಪಿನ ಎರಡೂ ಬಾಯಿ ಮುಚ್ಚಿ ಪೈಪನ್ನೇ ಎತ್ತುವುದು ಇನ್ನೂ ಸುಲಭ. ಇಷ್ಟಾಗಿಯೂ ಬಲೆಗೆ ಸಿಕ್ಕಿದ್ದರೆ ಬಲೆಯನ್ನು ನೀರಿನಲ್ಲೇ ಇಟ್ಟು, ಸಣ್ಣ ಕತ್ತರಿಯಿಂದ ಮುಳ್ಳಿನ ಸುತ್ತಲಿನ ನೂಲನ್ನು ಒಂದೊಂದಾಗಿ ಕತ್ತರಿಸಿ. ಹಲ್ಲಿನಲ್ಲಿ ಉಳಿದ ಚೂರುಗಳು ಸಾಮಾನ್ಯವಾಗಿ ತಾವೇ ಉದುರುತ್ತವೆ. ಗಾಯ ಕೆಂಪಾಗಿ ಊದಿದರೆ ಮಾತ್ರ ತಜ್ಞರಿಗೆ ತೋರಿಸಿ.

ನಿವೃತ್ತ ಮೇಷ್ಟರೊಬ್ಬರು ಬಲೆ, ಮೀನು, ನೀರು ಮೂರನ್ನೂ ಬಕೆಟ್ಟಿನಲ್ಲಿಟ್ಟು ಬಸ್ಸಿನಲ್ಲಿ ತಂದಿದ್ದರು. ದಾರಿಯಲ್ಲಿ ಒಮ್ಮೆಯೂ ಎಳೆಯದ್ದರಿಂದ ಒಂದು ಮುಳ್ಳೂ ಮುರಿದಿರಲಿಲ್ಲ. ಬಲೆ ಹೊಸದು, ಕತ್ತರಿಸಲು ಮನಸ್ಸು ಬರಲಿಲ್ಲ ಎಂದರು. ಮೇಷ್ಟ್ರೇ, ಜೋಪಾನ ಮಾಡಿದರೆ ಈ ಮೀನು ಹತ್ತು ವರ್ಷಕ್ಕೂ ಮೀರಿ ಬಾಳುತ್ತದೆ ಎಂದು ಹೇಳಿ, ಕತ್ತರಿಯನ್ನು ಅವರ ಕೈಗೇ ಕೊಟ್ಟೆ.