ಓದುಗರ ಪ್ರಶ್ನೆ: ಎನ್‌ಬಿಎ ಆಡದವರು ಕಾಲೇಜು ಟೀಮಿಗೆ ಏನು ಕಲಿಸುತ್ತಾರೆ?

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿ ಶುರುವಾಗುವ ಮಾರ್ಚ್ ಬಂತೆಂದರೆ ಈ ಪ್ರಶ್ನೆಯೂ ಬಂತು. “ಸರ್, ಆ ಕೋಚ್ ಎನ್‌ಬಿಎಯಲ್ಲಿ ಒಂದು ದಿನವೂ ಆಡಿಲ್ಲ, ಅವರ ಮಾತನ್ನ ಹುಡುಗರು ಯಾಕೆ ಕೇಳಬೇಕು?” ಎನ್‌ಬಿಎ ಅಂದರೆ ಅಲ್ಲಿನ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್. ಎಷ್ಟು ಸಲ ಉತ್ತರಿಸಿದರೂ ಮುಗಿಯುತ್ತಿಲ್ಲ. ಈ ಸಲ ಬಿಡಿಸಿ ಹೇಳುತ್ತೇನೆ.

ಆಡಿದ್ದರೆ ಒಳ್ಳೆಯದೇ. ಆದರೆ ಕೋಚ್ ಆರಿಸುವಾಗ ಮೊದಲು ನೋಡಬೇಕಾದ್ದು ಅದಲ್ಲ.

ಕನೆಕ್ಟಿಕಟ್ ವಿಶ್ವವಿದ್ಯಾಲಯದ ಕೋಚ್ ಕುರ್ಚಿಯೊಂದನ್ನೇ ನೋಡಿ. ಕೆವಿನ್ ಓಲಿ 13 ಸೀಸನ್ ಎನ್‌ಬಿಎ ಆಡಿ ಬಂದವರು. ಕೋಚ್ ಆಗಿ 2014ರಲ್ಲಿ ಆ ಕಾಲೇಜು ಟೂರ್ನಿಯ ಕಪ್ ಗೆದ್ದರು. ಆದರೆ ಆ ಟೀಮಿನ ಮುಖ್ಯ ಹುಡುಗರನ್ನು ಹುಡುಕಿ ತಂದಿದ್ದು ಹಿಂದಿನ ಕೋಚ್ ಜಿಮ್ ಕ್ಯಾಲ್ಹೂನ್. 2017-18ರಲ್ಲಿ ಓಲಿ ಟೀಮಿಗೆ 14 ಗೆಲುವು, 18 ಸೋಲು. ಕೆಲಸ ಹೋಯಿತು. ಆಮೇಲೆ ಬಂದ ಡ್ಯಾನ್ ಹರ್ಲಿ 2023, 2024 ಎರಡೂ ವರ್ಷ ಗೆದ್ದರು. ಅಲ್ಲಿಗೆ ಒಟ್ಟು 6 ಕಪ್. ಅದರಲ್ಲಿ 5 ತಂದುಕೊಟ್ಟ ಕ್ಯಾಲ್ಹೂನ್ ಆಗಲಿ ಹರ್ಲಿ ಆಗಲಿ ಎನ್‌ಬಿಎ ಆಡಿದವರೇ ಅಲ್ಲ!

ಹರ್ಲಿ ಅವರ ಅಣ್ಣ ಬಾಬಿ ಎನ್‌ಬಿಎ ಆಡಿದವರು, ಅವರೂ ಕಾಲೇಜು ಕೋಚ್ ಆದರು. ಒಂದೇ ಮನೆ, ಒಬ್ಬನೇ ಅಪ್ಪನ ತರಬೇತಿ. ಆದರೂ ಜಾಸ್ತಿ ಗೆದ್ದದ್ದು ತಮ್ಮ. ನ್ಯೂವಾರ್ಕ್‌ನ ಹೈಸ್ಕೂಲ್ ಟೀಮಿಗೆ 9 ವರ್ಷ ಕಲಿಸಿದ್ದ ತಮ್ಮ.

ಅಭ್ಯಾಸದ ಹೊತ್ತಲ್ಲಿ ಒಂದು ಗಳಿಗೆ ಗಮನಿಸಿ. ಡಿಫೆನ್ಸ್‌ನಲ್ಲಿ ಹುಡುಗನೊಬ್ಬ ಒಂದು ಹೆಜ್ಜೆ ತಡವಾಗಿ ಸರಿಯುತ್ತಾನೆ. ದೊಡ್ಡ ಆಟಗಾರನಿಗೆ ಆ ಹೆಜ್ಜೆ ಮೈಗೇ ಗೊತ್ತು, ಬಾಯಿಗೆ ಬರುವುದಿಲ್ಲ. “ಬೇಗ ಸರಿ” ಅನ್ನುತ್ತಾನೆ, ಅಷ್ಟೇ. ಕಲಿಸುವವನು ಹುಡುಗನ ಕಣ್ಣು ನೋಡುತ್ತಾನೆ. ಚೆಂಡನ್ನೇ ನೋಡುತ್ತಾ ನಿಂತಿದ್ದಾನೆ, ತಾನು ಕಾಯಬೇಕಾದವನ ಕಡೆ ಬೆನ್ನು ಹಾಕಿದ್ದಾನೆ. ತಪ್ಪು ಕಾಲಲ್ಲಿಲ್ಲ, ನಿಂತ ರೀತಿಯಲ್ಲಿದೆ. ಇದನ್ನು ಕಾಣುವುದೇ ಬೇರೆ ಕಸುಬು.

“ದೊಡ್ಡ ಹೆಸರಿದ್ದರೆ ಒಳ್ಳೆ ಹುಡುಗರು ತಾವಾಗೇ ಬರ್ತಾರೆ, ಅಲ್ವಾ?” ಎನ್‌ಬಿಎ ದಿಗ್ಗಜ ಪ್ಯಾಟ್ರಿಕ್ ಯೂಯಿಂಗ್‌ಗಿಂತ ದೊಡ್ಡ ಹೆಸರು ಬೇಕಾ? 1984ರಲ್ಲಿ ಆಟಗಾರನಾಗಿ ಕಪ್ ಗೆಲ್ಲಿಸಿಕೊಟ್ಟ ಜಾರ್ಜ್‌ಟೌನ್ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಕೋಚ್ ಆಗಿ ಬಂದರು. 2021ರಲ್ಲಿ ಜಾರ್ಜ್‌ಟೌನ್ ಆಡುವ ಕಾಲೇಜು ಲೀಗ್ ಬಿಗ್ ಈಸ್ಟ್‌ನ ಟೂರ್ನಿ ಗೆದ್ದರು, ನಿಜ. ಮುಂದಿನ ಸೀಸನ್‌ನಲ್ಲಿ ಬಿಗ್ ಈಸ್ಟ್ ಲೀಗಿನ 19 ಪಂದ್ಯ ಆಡಿ 19ನ್ನೂ ಸೋತರು. ಯೂಯಿಂಗ್‌ಗೆ ಅಲ್ಲಿ ಕಲಿಸಿದ್ದ ಜಾನ್ ಥಾಂಪ್ಸನ್ ಕೂಡ ಎನ್‌ಬಿಎ ಆಡಿದವರೇ, ಬಾಸ್ಟನ್ ಸೆಲ್ಟಿಕ್ಸ್‌ಗೆ 2 ಸೀಸನ್. ಆದರೆ ಅಲ್ಲಿಂದ ನೆಟ್ಟಗೆ ಕಾಲೇಜಿಗೆ ಬರಲಿಲ್ಲ. 6 ವರ್ಷ ಹೈಸ್ಕೂಲ್ ಹುಡುಗರಿಗೆ ಕಲಿಸಿ ಬಂದರು. ನಾನು ಕೋಚ್ ಆರಿಸುವುದಾದರೆ ಮೊದಲು ಹುಡುಕುವುದು ಆ 6 ವರ್ಷಗಳನ್ನೇ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ಆಟವನ್ನು ಕಂಡುಹಿಡಿದವರೇ ಕೋಚ್ ಆದರೆ? ಆಗಿದ್ದಾರೆ. 1891ರಲ್ಲಿ ಬ್ಯಾಸ್ಕೆಟ್‌ಬಾಲ್ ರೂಪಿಸಿದ ಜೇಮ್ಸ್ ನೈಸ್ಮಿತ್ ಕ್ಯಾನ್ಸಸ್ ವಿಶ್ವವಿದ್ಯಾಲಯದ ಮೊದಲ ಕೋಚ್. 55 ಗೆಲುವು, 60 ಸೋಲು. ಅವರ ಶಿಷ್ಯ ಫಾಗ್ ಆಲನ್ ಅದೇ ಕ್ಯಾನ್ಸಸ್ ಅನ್ನು 1952ರಲ್ಲಿ ಚಾಂಪಿಯನ್ ಮಾಡಿದರು. ಆ ಟೀಮಿನಲ್ಲಿ ಹೆಚ್ಚಾಗಿ ಬೆಂಚಿನ ಮೇಲೆ ಕೂತಿದ್ದ ಒಬ್ಬ ಹುಡುಗನಿದ್ದ, ಡೀನ್ ಸ್ಮಿತ್. ಮುಂದೆ ನಾರ್ತ್ ಕ್ಯಾರೊಲಿನಾದ ಕೋಚ್ ಆಗಿ 879 ಪಂದ್ಯ ಗೆದ್ದರು. ಅಲ್ಲಿ ಅವರ ಕೈಯಲ್ಲಿ ಕಲಿತವರಲ್ಲಿ ಮೈಕಲ್ ಜೋರ್ಡನ್ ಒಬ್ಬರು.