ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿದ ಮೇಲೂ ಮತ್ತೆ ಮತ್ತೆ ಮ್ಯಾಪಿಂಗ್ ಯಾಕೆ?

ಪ್ರಶ್ನೆ: ಮಗಳಿಗೆ ನಾಲ್ಕು ವರ್ಷ. ಇಂಪ್ಲಾಂಟ್ ಆಗಿ ಆರು ತಿಂಗಳಾಯಿತು. ಕರೆದರೆ ತಿರುಗುತ್ತಾಳೆ, ಆದರೆ ‘ಸೊಪ್ಪು’ ಅನ್ನೋಕೆ ‘ಒಪ್ಪು’ ಅಂತಾಳೆ. ಮತ್ತೆ ಮ್ಯಾಪಿಂಗ್‌ಗೆ ಬನ್ನಿ ಅಂತಾರೆ. ಮಷಿನ್ ಸರಿ ಇಲ್ವಾ? – ಗಂಗಾವತಿಯ ತಾಯಿ

ಉತ್ತರ: ಮಷಿನ್ ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಮೊದಲ ವರ್ಷ ಮ್ಯಾಪಿಂಗ್, ಅಂದರೆ ಮಷಿನ್‌ನ ಕರೆಂಟ್ ಮಟ್ಟ ಮಗುವಿಗೆ ಹೊಂದಿಸುವುದು, ಜಾಸ್ತಿ ಸಲ ಬೇಕೇ ಬೇಕು.

ಇಂಪ್ಲಾಂಟ್ ಸದ್ದನ್ನು ಕರೆಂಟ್ ಮಾಡಿ ನೇರ ಕಿವಿಯ ನರಕ್ಕೆ ಮುಟ್ಟಿಸುತ್ತದೆ. ಕಿವಿಯೊಳಗೆ ಕೂರಿಸಿದ ಅದರ ಎಳೆಯಲ್ಲಿ ಕಂಪನಿಗೆ ತಕ್ಕಂತೆ 12ರಿಂದ 22 ಎಲೆಕ್ಟ್ರೋಡ್ (ಕರೆಂಟ್ ಕೊಡುವ ಬಿಂದುಗಳು) ಇರುತ್ತವೆ. ಒಳತುದಿಯವು ದಪ್ಪ ದನಿಗೆ, ಹೊರಗಿನವು ಸಣ್ಣ, ಚೂಪು ದನಿಗೆ. ಪ್ರತಿಯೊಂದಕ್ಕೂ ಎರಡು ಮಟ್ಟ ಇಡಬೇಕು: ಕೇಳಿಸಲು ಕನಿಷ್ಠ ಎಷ್ಟು ಕರೆಂಟ್ ಬೇಕು, ಹಿಂಸೆಯಾಗದಂತೆ ಗರಿಷ್ಠ ಎಷ್ಟು ಕೊಡಬಹುದು. ಇದೇ ಮ್ಯಾಪ್. ನರ ಒಬ್ಬೊಬ್ಬರದು ಒಂದೊಂದು ಥರ, ಹಾಗಾಗಿ ಒಬ್ಬರ ಮ್ಯಾಪ್ ಇನ್ನೊಬ್ಬರಿಗೆ ಆಗಲ್ಲ. ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ ಈ ಮಟ್ಟಗಳೂ ಬದಲಾಗುತ್ತಾ ಹೋಗುತ್ತವೆ.

ಪುಟ್ಟ ಮಗು ‘ನನಗೆ ಸ ಕೇಳಿಸ್ತಿಲ್ಲ’ ಅಂತ ಹೇಳೀತಾ? ಕಂಪ್ಯೂಟರ್ ನರದ ಪ್ರತಿಕ್ರಿಯೆ ಅಳೆದು ಒಂದು ಅಂದಾಜು ಕೊಡುತ್ತದೆ, ಅಷ್ಟೇ. ಉಳಿದದ್ದು ನೀವು ಹೇಳಬೇಕು. ನನ್ನ ಪ್ರಕಾರ ಒಳ್ಳೆಯ ಮ್ಯಾಪಿಂಗ್‌ನ ಅರ್ಧ ಕೆಲಸ ಮನೆಯಲ್ಲೇ ಆಗುತ್ತದೆ.

ದಿನಾ ಬೆಳಿಗ್ಗೆ ಫ್ಯಾನ್ ಆಫ್ ಮಾಡಿ, ಮಗಳ ಹಿಂದೆ ನಿಂತು ಆ, ಊ, ಈ, ಮ್, ಶ್, ಸ್ ಒಂದೊಂದೇ ಹೇಳಿ. ನಡುವೆ ಸುಮ್ನೆ ಇರಿ. ಪ್ರತಿ ಸದ್ದಿಗೂ ಡಬ್ಬಿಗೆ ಒಂದು ಹುಣಸೆ ಬೀಜ ಹಾಕಲಿ. ಶ್, ಸ್ ಚೂಪು ದನಿಗಳು; ಅವಕ್ಕೆ ಕೈ ಏಳದಿದ್ದರೆ ಅದೇ ಮ್ಯಾಪ್ ಸರಿಮಾಡಲು ಮುಖ್ಯ ಸುಳಿವು. ಬೀಜ ಹಾಕಿಯೂ ‘ಒಪ್ಪು’ ಅಂದರೆ, ಸದ್ದು ಕಿವಿಗೆ ಬೀಳುತ್ತಿದೆ, ನಾಲಿಗೆಗೆ ಇನ್ನೂ ಬಂದಿಲ್ಲ ಅಂತಲೂ ಇರಬಹುದು. ಅದಕ್ಕೆ ಮ್ಯಾಪಿಂಗ್‌ಗಿಂತ ಸ್ಪೀಚ್ ಥೆರಪಿ ಬೇಕು. ಸ್ಟೀಲ್ ತಟ್ಟೆ ಬಿದ್ದಾಗಲೆಲ್ಲ ಕಣ್ಣು ಮುಚ್ಚಿ, ತಲೆಗೆ ಅಂಟಿಕೊಂಡಿರುವ ಕಾಯಿಲ್ (ಹೊರಗಿನ ದುಂಡು ಬಿಲ್ಲೆ) ಕಿತ್ತು ಹಾಕುತ್ತಾಳಾ? ಹಾಗಿದ್ದರೆ ಗರಿಷ್ಠ ಮಟ್ಟ ಜಾಸ್ತಿ ಆಗಿರಬಹುದು. ಇದೆಲ್ಲ ತಾರೀಖು ಹಾಕಿ ಬರೆದುಕೊಂಡು ಹೋಗಿ. ‘ಸರಿಯಾಗಿ ಕೇಳಲ್ಲ’ ಅಂದರೆ ಮ್ಯಾಪ್ ಹಾಕುವ ಆಡಿಯಾಲಜಿಸ್ಟ್‌ಗೆ (ಶ್ರವಣ ತಜ್ಞರಿಗೆ) ಹಿಡಿಯಲು ಏನೂ ಸಿಗಲ್ಲ.

ಹೊರಡುವ ಮುಂಚೆ ಪ್ರೊಸೆಸರ್‌ನ (ಸದ್ದು ಹಿಡಿಯುವ ಹೊರಗಿನ ಮಷಿನ್) ಮೈಕ್ ಕವರ್ ನೋಡಿ. ನಮ್ಮ ಕಡೆಯ ಧೂಳು, ಬೇಸಿಗೆಯ ಬೆವರಿಗೆ ಅದು ಕಟ್ಟಿಕೊಂಡರೂ ಚೂಪು ದನಿಗಳೇ ಮೊದಲು ಮಂಕಾಗುತ್ತವೆ. ಮನೆ ಅಕ್ಕಿ ಗಿರಣಿ ಪಕ್ಕ ಇದ್ದರೆ, ಅಂಗನವಾಡಿಯಲ್ಲಿ ಕೂಲರ್ ಗುಂಯ್ ಅನ್ನುತ್ತಿದ್ದರೆ ಅದನ್ನೂ ಹೇಳಿ. ಹೆಚ್ಚಿನ ಪ್ರೊಸೆಸರ್‌ಗಳಲ್ಲಿ ಒಂದಕ್ಕಿಂತ ಜಾಸ್ತಿ ಪ್ರೋಗ್ರಾಂ ಇಡಬಹುದು, ಗದ್ದಲದ ಜಾಗಕ್ಕೆ ಬೇರೆಯದೇ ಹಾಕಿಕೊಡಿ ಅಂತ ಕೇಳಿ.